ದನ ಮೇದ ಹೊಲಕ್ಕೆ ಮುಸುಕಿನ ಜೋಳ ಹಾಕುವುದು ಹೇಗೆ

ಏಪ್ರಿಲ್ ಕೊನೆಯ ಭರಣಿ ಮಳೆ ಬಿದ್ದ ನಾಲ್ಕನೇ ದಿನಕ್ಕೆ ನಮ್ಮ ಮೇಲಿನ ಹೊಲ ಹಸಿರಾಡುತ್ತದೆ. ತಿಂಗಳುಗಟ್ಟಲೆ ಒಣಹುಲ್ಲು ಜಗಿದ ದನಗಳು ಕೊಟ್ಟಿಗೆಯಿಂದ ಹೊರಗೆ ಬಿಟ್ಟ ತಕ್ಷಣ ಆ ಕಡೆಗೇ ಮೂತಿ ತಿರುಗಿಸಿ ನಿಲ್ಲುತ್ತವೆ. ನೋಡಿದವರಿಗೆ ಯಾರಿಗಾದರೂ ಅಯ್ಯೋ, ಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ಮೇದ ಹೊಲದಲ್ಲಿ ಮುಸುಕಿನ ಜೋಳ (ಇಲ್ಲಿ ಬರೀ ಜೋಳ ಅಂದರೂ ಅದೇ) ಹೇಗೆ ಬರುತ್ತದೆ ಅನ್ನುವುದರ ಮುಕ್ಕಾಲು ಪಾಲು, ದನ ಹೊರಗೆ ತೆಗೆದ ದಿನವೇ ತೀರ್ಮಾನ ಆಗಿರುತ್ತದೆ. ಬೀಜ, ಗೊಬ್ಬರ, ಔಷಧಿ ಎಲ್ಲ ಆಮೇಲಿನ ಮಾತು.

ನಮ್ಮೂರು ಹೆಬ್ಬಾಲೆ ಕಡೆ. ಕುಶಾಲನಗರ ದಾಟಿ ಕೂಡಿಗೆ ಮೇಲೆ ಶಿರಂಗಾಲದ ಕಡೆಗೆ ಹೋಗುವ ರಸ್ತೆಯಲ್ಲಿ ಬರುತ್ತದೆ. ಕೊಡಗು ಅಂದಕೂಡಲೇ ಕಾಫಿ, ಮೆಣಸು, ಕಿತ್ತಳೆ ಅನ್ನುವವರು ನಮ್ಮ ಕಡೆ ಬಂದರೆ ಬೇರೆ ಜಿಲ್ಲೆಗೆ ಬಂದ ಹಾಗೆ ನೋಡುತ್ತಾರೆ. ಮಡಿಕೇರಿಯಲ್ಲಿ ಬೀಳುವ ಮಳೆಯ ಅರ್ಧವೂ ಇಲ್ಲಿ ಬೀಳುವುದಿಲ್ಲ. ಹಾರಂಗಿ ಕಾಲುವೆ ನೀರು ಹತ್ತಿದ ಕಡೆ ಭತ್ತ, ಹತ್ತದ ಕಡೆ ಜೋಳ, ಶುಂಠಿ, ಹುರುಳಿ. ನಮಗಿರುವುದು ಮೂರು ಎಕರೆ ಇಪ್ಪತ್ತು ಸೆಂಟು. ಅದರಲ್ಲಿ ಒಂದು ಎಕರೆ ಗದ್ದೆ, ಮಿಕ್ಕಿದ್ದು ಇಳಿಜಾರಿನ ಕೆಮ್ಮಣ್ಣಿನ ಹೊಲ. ಎರಡು ಮಿಶ್ರತಳಿ ಹಸು, ಗೌರಿ ಅಂತ ಒಂದು ನಾಟಿ ಹಸು, ಎರಡು ಕಡಸು, ಒಂಬತ್ತು ಆಡು. ಈ ಹೊಲ, ಈ ದನ ಎರಡನ್ನೂ ಒಟ್ಟಿಗೆ ನಡೆಸಿ ಹದಿನಾಲ್ಕು ವರ್ಷ ಆಯಿತು.

ಇದೇನೂ ಹೊಸ ವಿದ್ಯೆ ಅಲ್ಲ. ಕೊಡಗಿನಲ್ಲಿ ಗದ್ದೆಗೆ ಸೇರಿದ ಹಾಗೆ ಬಾಣೆ ಅಂತ ಇದ್ದದ್ದೇ ದನ ಮೇಯಿಸುವುದಕ್ಕೆ, ಸೌದೆಗೆ, ಗದ್ದೆಗೆ ಸೊಪ್ಪು ತರುವುದಕ್ಕೆ. ದನ ಬಾಣೆಯಲ್ಲಿ ಮೇದು ಬಂದು ಕೊಟ್ಟಿಗೆಯಲ್ಲಿ ಸಗಣಿ ಹಾಕಿದರೆ ಅದು ಗದ್ದೆಗೆ ಹೋಗುತ್ತಿತ್ತು. ಬಾಣೆಗಳು ಒಂದೊಂದಾಗಿ ತೋಟ ಆದವು, ದನ ಕಮ್ಮಿ ಆದವು, ಗೊಬ್ಬರ ಅಂಗಡಿಯಿಂದ ಬರುವ ಹಾಗಾಯಿತು. ನಾವು ಮಾಡುತ್ತಿರುವುದು ಅದೇ ಹಳೇ ನಂಟನ್ನು ಎರಡು ಎಕರೆಯೊಳಗೆ ಮತ್ತೆ ಕಟ್ಟುವ ಕೆಲಸ. ಮೇ ಕೊನೆಗೆ ಜೋಳ ಬಿತ್ತುತ್ತೇವೆ, ಸೆಪ್ಟೆಂಬರ್‌ನಲ್ಲಿ ತೆನೆ ಮುರಿಯುತ್ತೇವೆ, ಹಿಂದೆಯೇ ಹುರುಳಿ, ಅಲಸಂದೆ ಚೆಲ್ಲುತ್ತೇವೆ. ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಅದೇ ಹೊಲ ದನಕ್ಕೆ.

ಗೊರಸು ಏನು ಮಾಡುತ್ತದೆ

ಐದು ವರ್ಷದ ಹಿಂದೆ ಹುಲ್ಲಿನ ಮೆದೆ ಏಪ್ರಿಲ್‌ನಲ್ಲೇ ಮುಗಿದುಹೋಯಿತು. ಭರಣಿ ಮಳೆ ಬೇರೆ ಚೆನ್ನಾಗಿ ಬಿತ್ತು. ಆರು ದಿನ, ಲೆಕ್ಕ ಹಾಕಿ ಆರೇ ದಿನ, ಹಸಿ ನೆಲದಲ್ಲಿ ದನ ಬಿಟ್ಟೆ. ನಮ್ಮತ್ತೆ ಅಂಗಳದಲ್ಲಿ ಕೂತು, "ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ ಅಂತಾರೆ, ನೀನು ಧರಣಿನ ತುಳಿಸ್ತಾ ಇದೀಯಲ್ಲವ್ವ" ಅಂದರು. ಕೇಳಲಿಲ್ಲ. ಬಿತ್ತಿದಾಗ ಏನೂ ಗೊತ್ತಾಗಲಿಲ್ಲ. ಮೊಳಕೆ ಬಂತು, ಮೊಣಕಾಲುದ್ದ ಆಯಿತು, ಚೆನ್ನಾಗಿದೆ ಅಂದುಕೊಂಡೆ. ಆಗಸ್ಟ್‌ನ ಆಶ್ಲೇಷ ಮಳೆಯಲ್ಲಿ ಒಂದು ರಾತ್ರಿ ಗಾಳಿ ಬೀಸಿದ್ದಕ್ಕೆ ಬೆಳಿಗ್ಗೆ ನಲವತ್ತು ಸೆಂಟಿನ ಜೋಳ ಚಾಪೆ ಹಾಸಿದ ಹಾಗೆ ಮಲಗಿತ್ತು. ಬಿದ್ದ ಗಿಡ ಕಿತ್ತು ನೋಡಿದೆ. ಬೇರು ಕೆಳಗೆ ಇಳಿದೇ ಇರಲಿಲ್ಲ. ನಾಲ್ಕು ಬೆರಳು ಆಳಕ್ಕೆ ಹೋಗಿ, ಅಲ್ಲಿಂದ ಸುತ್ತಲೂ ತಟ್ಟೆಯ ಹಾಗೆ ಹರಡಿಕೊಂಡಿತ್ತು. ಬೇಲಿಯಾಚೆ, ದನ ಹೋಗದ ಮೂಲೆಯಲ್ಲಿದ್ದ ಗಿಡಗಳು ನೆಟ್ಟಗೆ ನಿಂತಿದ್ದವು.

ದನದ ಗೊರಸು ಒತ್ತುವುದು ಮೇಲಿನ ಮೂರು ನಾಲ್ಕು ಅಂಗುಲದ ಮಣ್ಣನ್ನು ಮಾತ್ರ. ಟ್ರ್ಯಾಕ್ಟರ್ ಹಾಗೆ ಆಳಕ್ಕೆ ಹೋಗುವುದಿಲ್ಲ. ಒಣ ನೆಲದಲ್ಲಿ ನಾನೂರು ಕಿಲೋ ತೂಕದ ಹಸು ಓಡಾಡಿದರೂ ಹೆಚ್ಚೇನೂ ಆಗುವುದಿಲ್ಲ. ಹಸಿ ನೆಲದಲ್ಲಿ ಮಾತ್ರ ಮಣ್ಣಿನೊಳಗಿನ ಗಾಳಿ ಜಾಗವೆಲ್ಲ ಮುಚ್ಚಿ, ಆಮೇಲೆ ಬಿಸಿಲಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ಬಯಲುಸೀಮೆಯ ಎರೆಮಣ್ಣಾದರೆ ಒಣಗಿದಾಗ ತಾನೇ ಬಿರುಕು ಬಿಟ್ಟು ಸ್ವಲ್ಪ ಸರಿಹೋಗುತ್ತದೆ. ನಮ್ಮ ಕೆಮ್ಮಣ್ಣಿಗೆ ಆ ಗುಣ ಇಲ್ಲ. ಒತ್ತಿದ್ದು ಒತ್ತಿದ ಹಾಗೇ ಇರುತ್ತದೆ.

ಹಾಗಾಗಿ ನಾನು ಈಗ ತಾರೀಖು ನೋಡುವುದಿಲ್ಲ, ಮಣ್ಣು ನೋಡುತ್ತೇನೆ. ಒಂದು ಅಂಗುಲ ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಅಂಗೈಯಲ್ಲಿ ಅದುಮಿ. ಉಂಡೆಯಾಗಿ, ಬೆರಳಿನಿಂದ ತಟ್ಟಿದರೂ ಒಡೆಯದೆ ಇದ್ದರೆ ಆವತ್ತು ದನಕ್ಕೆ ಹೊಲ ಇಲ್ಲ. ಉಂಡೆ ಪುಡಿಯಾದರೆ ಬಿಡಬಹುದು. ಇನ್ನೂ ಸುಲಭದ ಗುರುತು: ಗೊರಸಿನ ಗುಳಿ ಎರಡು ಬೆರಳಿಗಿಂತ ಆಳ ಆದರೆ ಆ ಕ್ಷಣವೇ ಹೊರಗೆ. ಮಾರ್ಚ್‌ನಲ್ಲಿ ಕಾಫಿಯವರು ಕಾದು ಕೂರುವ ಹೂಮಳೆ ಬಿದ್ದರೂ ಇದೇ ನಿಯಮ. ಎರಡು ದಿನ ಕಟ್ಟಿ ಹಾಕಿ, ನೆಲ ಆರಿದ ಮೇಲೆ ಬಿಡಿ.

ಹೊರಗೆ ತೆಗೆಯುವ ದಿನ

ನಮ್ಮಲ್ಲಿ ಏಪ್ರಿಲ್ 15ರ ಸುಮಾರಿಗೆ, ಅಂದರೆ ಬಿಸು ಕಳೆದ ಮೇಲೆ, ದನ ಹೊಲ ಬಿಡುತ್ತವೆ. ಬಿತ್ತನೆಗೆ ಇನ್ನೂ ಐದು ವಾರ ಇರುತ್ತದೆ. ಅಷ್ಟು ಮುಂಚೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಮೊದಲನೆಯದು, ಭರಣಿಗೆ ಮುಂಚೆಯೇ ನೆಲ ಖಾಲಿ ಇರಬೇಕು. ಎರಡನೆಯದು, ಬಿದ್ದ ಸಗಣಿ ಒಡೆದು ಮಣ್ಣಿಗೆ ಸೇರಲು ಸಮಯ ಬೇಕು. ಮೂರನೆಯದು ಹುಲ್ಲು. ಮಳೆಗೆ ಚಿಗುರಿದ ಹುಲ್ಲನ್ನು ಕೊಯ್ದು ಅಲ್ಲೇ ಮಲಗಿಸಿ ಎರಡು ಮೂರು ವಾರ ಬಿಟ್ಟು ಬಿತ್ತಬೇಕು. ಕೊಯ್ದ ಮರುದಿನವೇ ಬಿತ್ತಿದರೆ ಹುಲ್ಲು, ಅದರ ಬೇರು ಕೊಳೆಯುವಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಎಳೆ ಜೋಳ ಹಳದಿಯಾಗಿ ನಿಲ್ಲುತ್ತದೆ. ಸಗಣಿ ಇಷ್ಟು ಬಿದ್ದ ಹೊಲದಲ್ಲಿ ಯಾಕೆ ಹಳದಿ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಅದೇ.

ಇನ್ನೊಂದು ವಿಷಯ, ಪೂರ್ತಿ ಬೋಳು ಮಾಡಿಸಬೇಡಿ. ನಾಲ್ಕು ಬೆರಳು ಎತ್ತರದ ಹುಲ್ಲು ಉಳಿದಾಗಲೇ ದನ ಹೊಲದ ಮುಂದಿನ ಪಟ್ಟಿಗೆ ಹೋಗಬೇಕು. ಆ ಕೂಳೆ ಇದ್ದರೆ ಬೇಸಿಗೆ ಬಿಸಿಲಿಗೆ ನೆಲ ಸುಡುವುದಿಲ್ಲ, ಮೊದಲ ಗುಡುಗು ಮಳೆಗೆ ಮಣ್ಣು ಕೊಚ್ಚಿ ಗದ್ದೆಗೆ ಇಳಿಯುವುದಿಲ್ಲ. ಆಡುಗಳನ್ನು ಕೊನೆಯ ಹದಿನೈದು ದಿನ ನಾನು ಬಿಡುವುದೇ ಇಲ್ಲ, ಅವು ಬುಡದವರೆಗೂ ಕಚ್ಚುತ್ತವೆ.

ಹಾಗಾದರೆ ಆ ಐದು ವಾರ ದನಕ್ಕೇನು? ಇಡೀ ಪದ್ಧತಿಯ ಕಷ್ಟದ ಜಾಗ ಇದೇ. ಇದಕ್ಕೆ ವ್ಯವಸ್ಥೆ ಇಲ್ಲದವರು ಮೇದ ಹೊಲಕ್ಕೆ ಜೋಳ ಹಾಕುವ ಯೋಚನೆಯನ್ನು ಒಂದು ವರ್ಷ ಮುಂದೆ ಹಾಕುವುದು ಒಳ್ಳೆಯದು. ನಾನು ಗದ್ದೆಯ ಬದುವಿನ ಉದ್ದಕ್ಕೂ, ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ, ಎಂಟು ಸೆಂಟಿನಷ್ಟು ಸೀಮೆ ಹುಲ್ಲು ಹಾಕಿದ್ದೇನೆ. ಅದರ ಜೊತೆಗೆ ಹುಲ್ಲಿನ ಮೆದೆಯ ಮೂರನೇ ಒಂದು ಪಾಲನ್ನು ಯುಗಾದಿವರೆಗೆ ಮುಟ್ಟುವುದಿಲ್ಲ. ಹಿಂದಿನ ವರ್ಷದ ಜೋಳದ ಕಡ್ಡಿಯನ್ನು ಕತ್ತರಿಸಿ ಬೆಲ್ಲದ ನೀರು ಚಿಮುಕಿಸಿ ಕೊಡುತ್ತೇನೆ. ಹಾಲು ದಿನಕ್ಕೆ ಒಂದೂವರೆ ಲೀಟರ್ ಕಮ್ಮಿ ಆಗುತ್ತದೆ. ಅದನ್ನು ಜೋಳದ ಖರ್ಚು ಅಂತಲೇ ಬರೆದಿಡುತ್ತೇನೆ.

ಸಗಣಿ ಎಲ್ಲಿ ಬೀಳುತ್ತದೆ ಅನ್ನುವುದೂ ಬೇಸಾಯವೇ

ಹಸು ತಿಂದ ಮೇವಿನ ಸಾರದಲ್ಲಿ ಹಾಲಿಗೆ, ಮೈಗೆ ಹೋಗುವುದು ಚಿಕ್ಕ ಪಾಲು. ಹೆಚ್ಚಿನದು ಸಗಣಿ, ಗಂಜಲದಲ್ಲಿ ನೆಲಕ್ಕೇ ವಾಪಸ್ಸು. ಪೊಟ್ಯಾಷ್ ಬಹುಪಾಲು ಗಂಜಲದಲ್ಲಿ, ರಂಜಕ ಬಹುಪಾಲು ಸಗಣಿಯಲ್ಲಿ, ಸಾರಜನಕ ಎರಡರಲ್ಲೂ. ತೊಂದರೆ ಏನೆಂದರೆ, ಹಸು ಹೊಲದ ತುಂಬ ಮೇಯುತ್ತದೆ, ಸಗಣಿಯನ್ನು ಮಾತ್ರ ತನಗೆ ಬೇಕಾದ ಕಡೆ ಹಾಕುತ್ತದೆ. ನಮ್ಮಲ್ಲಿ ಮೊದಲ ಮೂರು ವರ್ಷ ಹಲಸಿನ ಮರದ ಕೆಳಗೆ ಮತ್ತು ನೀರಿನ ತೊಟ್ಟಿಯ ಸುತ್ತ ಜೋಳ ಆಳೆತ್ತರ ಮೀರಿ ಕಪ್ಪು ಹಸಿರಾಗಿ ನಿಂತಿತ್ತು, ಮೇಲಿನ ತುದಿಯಲ್ಲಿ ಸೊಂಟದುದ್ದಕ್ಕೆ ಸೂಲಂಗಿ ಹೊಡೆದಿತ್ತು. ದೂರದಿಂದ ನೋಡಿದರೆ ದನ ಎಲ್ಲಿ ಮಲಗಿತ್ತು ಅಂತ ಹೇಳಬಹುದಿತ್ತು.

ಅದಕ್ಕೆ ಮಾಡಿದ್ದು ಇಷ್ಟು. ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ಗ್ಲಿರಿಸಿಡಿಯಾ ಗೂಟ ನೆಟ್ಟು ನೈಲಾನ್ ಹಗ್ಗ ಕಟ್ಟಿದೆವು. ಆ ಗೂಟಗಳೇ ಚಿಗುರಿ ಈಗ ಸೊಪ್ಪು ಕೊಡುತ್ತಿವೆ. ಕಲ್ಲಿನ ತೊಟ್ಟಿ ಬಿಟ್ಟು, ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿಸಿ, ಮೂರು ದಿನಕ್ಕೊಮ್ಮೆ ಅದನ್ನು ಬಡವಾದ ಜಾಗಕ್ಕೆ ಸರಿಸುತ್ತೇವೆ. ಜನವರಿ, ಫೆಬ್ರವರಿಯಲ್ಲಿ ರಾತ್ರಿಯೂ ಹೊಲದಲ್ಲೇ ಕಟ್ಟುತ್ತೇವೆ, ಗೂಟವನ್ನು ದಿನಾ ಎರಡು ಮಾರು ಆಚೆಗೆ ಹೊಡೆಯುತ್ತೇವೆ. ಗಂಜಲ ಕೊಟ್ಟಿಗೆಯ ಚರಂಡಿಗೆ ಹೋಗುವ ಬದಲು ನೇರ ಮಣ್ಣಿಗೆ ಇಳಿಯುತ್ತದೆ. ಬಯಲುಸೀಮೆಯಲ್ಲಿ ಕುರಿ ಮಂದೆ ಕೂರಿಸುವುದೂ ಇದೇ ಲೆಕ್ಕ. ಚಿರತೆ ಓಡಾಡುವ ಕಡೆ, ಕಾಡಂಚಿನಲ್ಲಿ, ರಾತ್ರಿ ಕಟ್ಟುವ ಸಾಹಸ ಬೇಡ.

ದನ ಹೊರಗೆ ಹೋದ ಮೇಲೆ ಒಣಗಿದ ಸಗಣಿ ಬೆರಣಿಗಳನ್ನು ಕುಂಟೆಯ ಹಿಂಬದಿಯಿಂದಲೋ ಮುಳ್ಳಿನ ಕೊಂಬೆ ಎಳೆದೋ ಒಡೆದು ಹರಡಿ. ಅರ್ಧ ದಿನದ ಕೆಲಸ, ಬಹಳ ಜನ ಮಾಡುವುದಿಲ್ಲ. ಒಡೆಯದೆ ಬಿಟ್ಟರೆ ಅದರ ಕೆಳಗೆ ಗೊಣ್ಣೆಹುಳು ಮನೆ ಮಾಡುತ್ತದೆ.

ಬಿತ್ತುವ ಮುಂಚೆ ನೆಲ ನೋಡಿಕೊಳ್ಳುವುದು

ಹುಲ್ಲು ನೆಲದಲ್ಲಿ ಗೊಣ್ಣೆಹುಳು ಇದ್ದೇ ಇರುತ್ತದೆ. ಅದು ಹುಲ್ಲಿನ ಬೇರು ತಿಂದುಕೊಂಡಿರುತ್ತದೆ. ಹುಲ್ಲು ಹೋಗಿ ಜೋಳ ಬಂದರೆ ಜೋಳದ ಬೇರಿಗೆ ಬೀಳುತ್ತದೆ. ಮೇ ಮೊದಲ ವಾರ ಒಂದಡಿ ಚೌಕದ ಗುಂಡಿ, ಅಷ್ಟೇ ಆಳ, ಹೊಲದ ಏಳೆಂಟು ಕಡೆ ತೆಗೆದು ಮಣ್ಣನ್ನು ಗೋಣಿಚೀಲದ ಮೇಲೆ ಹಾಕಿ ಕೆದಕಿ ನೋಡಿ. ಒಂದೊಂದು ಗುಂಡಿಯಲ್ಲೂ ಎರಡು ಮೂರು ಬಿಳಿ ಹುಳು ಸುರುಳಿ ಸುತ್ತಿಕೊಂಡು ಸಿಕ್ಕರೆ ಆ ಭಾಗವನ್ನು ಉಳಲೇಬೇಕು. ಬೆಳಿಗ್ಗೆ ಹೊತ್ತು ಉತ್ತರೆ ಬೆಳ್ಳಕ್ಕಿ, ಗೊರವಂಕಗಳು ನೇಗಿಲ ಹಿಂದೆಯೇ ಬಂದು ಆರಿಸಿಕೊಳ್ಳುತ್ತವೆ. ಮೊದಲ ಮಳೆಯ ಸಂಜೆಗಳಲ್ಲಿ ದುಂಬಿಗಳು ಮಣ್ಣಿಂದ ಎದ್ದು ಬೇಲಿಮರಗಳಿಗೆ ಹಾರುತ್ತವೆ. ಆಗ ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ ಇಟ್ಟರೆ ಮುಂದಿನ ವರ್ಷದ ಹುಳು ಕಮ್ಮಿ. ಹೊಲಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತಿರಬೇಕು, ಹಸಿ ಸಗಣಿ ಬೇಡ. ಮೆಟಾರೈಜಿಯಂ ಶಿಲೀಂಧ್ರದ ಪುಡಿ ಸಿಕ್ಕರೆ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಮಾಡಿ ಒಂದು ವಾರ ಇಟ್ಟು ಹಾಕಿ.

ಮಣ್ಣು ಪರೀಕ್ಷೆ ಮಾಡಿಸಿಲ್ಲದಿದ್ದರೆ ಈ ಬಾರಿ ಮಾಡಿಸಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಮೇದ ಹೊಲದಲ್ಲಿ ಮಣ್ಣು ತೆಗೆಯುವಾಗ ಒಂದು ಎಚ್ಚರ: ಸಗಣಿ ಬಿದ್ದ ಜಾಗ, ಮರದ ನೆರಳು, ನೀರಿನ ಡ್ರಮ್ಮಿನ ಸುತ್ತ, ಗೇಟಿನ ಹತ್ತಿರ ಬಿಟ್ಟು ಬೇರೆ ಕಡೆ ತೆಗೆಯಿರಿ, ಇಲ್ಲದಿದ್ದರೆ ಪರೀಕ್ಷೆಯ ಚೀಟಿಯಲ್ಲಿ ಸುಳ್ಳು ಲೆಕ್ಕ ಬರುತ್ತದೆ. ಕೊಡಗಿನ ಮಣ್ಣು ಹೆಚ್ಚು ಕಡೆ ಹುಳಿ. ನಮ್ಮದು 5.4 ರಸಸಾರ (ಪಿಎಚ್) ಬಂತು. ಜೋಳಕ್ಕೆ ಆರರ ಆಸುಪಾಸು ಬೇಕು. ಹುಳಿ ಮಣ್ಣಿನಲ್ಲಿ ಹಾಕಿದ ರಂಜಕ ಗಿಡಕ್ಕೆ ಸಿಗದೆ ಮಣ್ಣಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದನ ಹೊರಗೆ ಹೋದ ವಾರವೇ ಕೃಷಿ ಸುಣ್ಣ ಹಾಕುತ್ತೇನೆ. ಎಷ್ಟು ಅನ್ನುವುದು ನಿಮ್ಮ ಚೀಟಿ ಹೇಳಬೇಕು, ನನ್ನ ಅಳತೆ ನಿಮಗೆ ಬೇಡ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಬಾರದು, ಸಾರಜನಕ ಹಬೆಯಾಗಿ ಹೋಗುತ್ತದೆ.

ಉಳಬೇಕೋ ಬೇಡವೋ

ನಾನು ಹೊಲ ಪೂರ್ತಿ ಉಳುವುದು ಬಿಟ್ಟು ಆರು ವರ್ಷ ಆಯಿತು. ಇಳಿಜಾರಿನ ನೆಲವನ್ನು ಪುಡಿ ಮಾಡಿಟ್ಟು ಜೂನ್ ಮಳೆಗೆ ಒಡ್ಡಿದರೆ, ನಾಲ್ಕೂವರೆ ತಿಂಗಳು ದನ ಕಟ್ಟಿ ಕೂಡಿಹಾಕಿದ ಸಾರ ಒಂದೇ ರಾತ್ರಿಗೆ ಕೆಂಪು ನೀರಾಗಿ ಕೆಳಗಿನವರ ಗದ್ದೆಗೆ ಹೋಗುತ್ತದೆ. ಹಾಗಂತ ಉಳದೆ ಬಿತ್ತಿದರೆ ಸಾಕು ಅಂತಲೂ ಹೇಳುವುದಿಲ್ಲ.

ಕಬ್ಬಿಣದ ಸಪೂರ ಸರಳು ಒಂದು ಇಟ್ಟುಕೊಳ್ಳಿ. ಮಳೆ ಬಿದ್ದ ಎರಡು ದಿನಕ್ಕೆ, ನೆಲ ಹದವಾಗಿದ್ದಾಗ, ಒಂದೇ ಕೈಯಿಂದ ಚುಚ್ಚುತ್ತಾ ಹೊಲ ಸುತ್ತಿ ಬನ್ನಿ. ಒಂದು ಗೇಣು ಸರಾಗವಾಗಿ ಇಳಿದರೆ ಆ ಪಟ್ಟಿ ಉಳಬೇಡಿ. ಮೂರು ನಾಲ್ಕು ಬೆರಳಿಗೆ ತಡೆದು ನಿಂತರೆ ಅಲ್ಲಿ ಉಳಬೇಕು. ನಮ್ಮಲ್ಲಿ ಯಾವಾಗಲೂ ಗೇಟಿನ ಹತ್ತಿರ, ದನ ಹೋಗಿಬರುವ ದಾರಿ, ಹಲಸಿನ ಮರದ ಬುಡ, ಈ ಮೂರು ಕಡೆ ತಡೆಯುತ್ತದೆ. ಅಷ್ಟಕ್ಕೆ ಟಿಲ್ಲರ್ ಓಡಿಸುತ್ತೇವೆ. ಮಿಕ್ಕ ಕಡೆ ಹುಲ್ಲು ಕೊಯ್ದು ಮಲಗಿಸಿ, ಇಳಿಜಾರಿಗೆ ಅಡ್ಡಲಾಗಿ ಎರಡಡಿಗೊಂದು ಸಾಲು ಮಾತ್ರ ನೇಗಿಲಲ್ಲಿ ಬಿಡಿಸುತ್ತೇವೆ. ಸಾಲಿನ ನಡುವೆ ಮಲಗಿದ ಹುಲ್ಲು ಹಾಗೇ ಇರುತ್ತದೆ. ಕಳೆಯೂ ಕಮ್ಮಿ, ತೇವವೂ ಉಳಿಯುತ್ತದೆ.

ಗರಿಕೆ, ಜೇಕು ತುಂಬಿದ ಹೊಲವಾದರೆ ಮಾತ್ರ ಮೊದಲ ವರ್ಷ ಈ ದಾರಿ ಹಿಡಿಯಬೇಡಿ. ಗರಿಕೆ ಕೊಯ್ದರೆ ಸಾಯುವ ಹುಲ್ಲಲ್ಲ. ಫೆಬ್ರವರಿ, ಮಾರ್ಚ್ ಬಿಸಿಲಲ್ಲಿ ಎರಡು ಸಲ ಉತ್ತು ಗಡ್ಡೆ, ಬಳ್ಳಿ ಮೇಲೆ ತಂದು ಒಣಗಿಸಿ, ಆರಿಸಿ, ಆಮೇಲೆ ಮುಂದಿನ ವರ್ಷದಿಂದ ಉಳದೆ ಬಿತ್ತಿ. ಅಟ್ರಜಿನ್ ಕಳೆನಾಶಕ ಹೊಡೆಯುವವರು ಇದ್ದಾರೆ, ಅದು ಜೋಳಕ್ಕೆ ಏನೂ ಮಾಡುವುದಿಲ್ಲ, ನಿಜ. ಆದರೆ ಜೋಳದ ಹಿಂದೆ ಹುರುಳಿ, ಅಲಸಂದೆ ಬರಬೇಕಾದ ಹೊಲಕ್ಕೆ ಅದು ಒಳ್ಳೆಯದಲ್ಲ. ಮಣ್ಣಿನಲ್ಲಿ ಉಳಿದರೆ ದ್ವಿದಳದ ಮೊಳಕೆ ಸುಡುತ್ತದೆ. ಮೇಲಾಗಿ ಇದು ದನಕ್ಕೆ ಮೇವಾಗುವ ನೆಲ. ನಾನು ಇಪ್ಪತ್ತನೇ ದಿನ ಒಮ್ಮೆ, ಮೂವತ್ತೈದನೇ ದಿನ ಒಮ್ಮೆ ಎಡೆಕುಂಟೆ ಹೊಡೆಸುತ್ತೇನೆ.

ಬಿತ್ತನೆ

ಕೃತ್ತಿಕೆ ಮಳೆ ಹಿಡಿದ ಮೇಲೆ, ಮೇ 15ರಿಂದ 30ರೊಳಗೆ. ರೋಹಿಣಿ ದಾಟಿಸಬೇಡಿ. ಜೂನ್ ಮಧ್ಯಕ್ಕೆ ಜಡಿಮಳೆ ಹಿಡಿಯುವ ಹೊತ್ತಿಗೆ ಗಿಡ ಮೊಣಕಾಲುದ್ದ ಆಗಿರಬೇಕು. ಎಳೆ ಜೋಳದ ಬುಡದಲ್ಲಿ ಎರಡು ದಿನ ನೀರು ನಿಂತರೆ ಮುಗಿಯಿತು.

ಸಾಲಿಗೆ ಸಾಲಿಗೆ ಎರಡಡಿ, ಗಿಡಕ್ಕೆ ಗಿಡಕ್ಕೆ ಒಂದಡಿ. ಎಕರೆಗೆ ಇಪ್ಪತ್ತೆರಡು ಸಾವಿರ ಗಿಡ ಬರುತ್ತದೆ, ಬೀಜ ಆರು ಕೆಜಿ ಬೇಕು. ಆಳ ಎರಡು ಅಂಗುಲ. ಮೇದ ನೆಲದಲ್ಲಿ ಈ ಆಳದ ವಿಷಯಕ್ಕೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮಲಗಿದ ಹುಲ್ಲಿನ ಮೇಲೆ ಬೀಜ ಬಿದ್ದರೆ ಮಣ್ಣು ಸಿಕ್ಕುವುದಿಲ್ಲ, ಮೊಳಕೆ ಒಣಗುತ್ತದೆ, ಇಲ್ಲವೇ ನವಿಲು ಹೆಕ್ಕುತ್ತದೆ. ಸಾಲಿನೊಳಗೆ ಹುಲ್ಲು ಬಿದ್ದಿದ್ದರೆ ಕಾಲಲ್ಲಿ ಸರಿಸಿ, ಬೀಜ ಬಿಟ್ಟು, ಮಣ್ಣು ಮುಚ್ಚಿ, ಹಿಮ್ಮಡಿಯಿಂದ ಒಮ್ಮೆ ಒತ್ತಿ ಮುಂದೆ ಹೋಗಿ. ನಮ್ಮ ಮನೆಯಲ್ಲಿ ನೇಗಿಲ ಹಿಂದೆ ಬೀಜ ಬಿಡುವವರು ಒಬ್ಬರು, ಒತ್ತುವವರು ಒಬ್ಬರು. ಬಣ್ಣ ಹಚ್ಚಿದ ಬೀಜ ಅಂದರೆ ಔಷಧಿ ಹಚ್ಚಿದ ಬೀಜ. ಉಳಿದದ್ದನ್ನು ಕೋಳಿಗೆ, ದನದ ಬಾನಿಗೆ ಹಾಕಬೇಡಿ.

ಖುಷ್ಕಿ (ಮಳೆ ನಂಬಿದ) ಜೋಳಕ್ಕೆ ಎಕರೆಗೆ 40 ಕೆಜಿ ಸಾರಜನಕ, 20 ರಂಜಕ, 10 ಪೊಟ್ಯಾಷ್ ಅಂತ ಶಿಫಾರಸು. ದನ ಮೇದ ನೆಲಕ್ಕೆ ನಾನು ಪೊಟ್ಯಾಷ್ ಹಾಕುವುದಿಲ್ಲ, ನಮ್ಮ ಚೀಟಿಯಲ್ಲಿ ಅದು ಬೇಕಾದಷ್ಟಿದೆ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಬೀಜಕ್ಕೆ ತಾಗದ ಹಾಗೆ ಪಕ್ಕದಲ್ಲಿ. ಅದರಲ್ಲಿ 9 ಕೆಜಿ ಸಾರಜನಕ ಇರುತ್ತದೆ. ಹುಲ್ಲು ಕೊಳೆಯುವಾಗ ಎಳೆ ಗಿಡಕ್ಕೆ ಆಗುವ ಕೊರತೆಗೆ ಅದು ಕೈಗಾವಲು, ಆದ್ದರಿಂದ ಸಗಣಿ ಬಿದ್ದಿದೆ ಅಂತ ಈ ಮೊದಲ ಗೊಬ್ಬರವನ್ನು ತಪ್ಪಿಸಬೇಡಿ. ಉಳಿಸುವುದಾದರೆ ಮೇಲುಗೊಬ್ಬರದಲ್ಲಿ ಉಳಿಸಿ. ಮೂವತ್ತನೇ ದಿನ ಎಕರೆಗೆ ಅರ್ಧ ಚೀಲ ಯೂರಿಯಾ ಕೊಟ್ಟು ಮಣ್ಣು ಏರಿಸುತ್ತೇನೆ. ಸೂಲಂಗಿ ಬರುವ ಮುಂಚೆ ಇನ್ನರ್ಧ ಚೀಲ, ಅದೂ ಕೆಳ ಎಲೆ ತುದಿಯಿಂದ ನಡುದಿಂಡಿನ ಉದ್ದಕ್ಕೆ ಹಳದಿಯಾಗುತ್ತಿರುವ ಸಾಲುಗಳಿಗೆ ಮಾತ್ರ. ರಾತ್ರಿ ದನ ಕಟ್ಟಿದ ಪಟ್ಟಿಗೆ ಈ ಎರಡನೇ ಸಲ ಬೇಕಾಗಿಯೇ ಇಲ್ಲ. ಎಳೆ ಎಲೆಯಲ್ಲಿ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಎಕರೆಗೆ 4 ಕೆಜಿ ಸತುವಿನ ಸಲ್ಫೇಟ್ ಮಣ್ಣಿಗೆ, ಡಿಎಪಿ ಜೊತೆ ಬೆರೆಸದೆ.

ಗುಳಿಗೆ ಎರಡು ಬೀಜ ಹಾಕಿದ್ದರೆ ಹದಿನೈದನೇ ದಿನ ಒಂದನ್ನು ಕೀಳಿ. ಕಿತ್ತ ಗಿಡ ಆಡುಗಳಿಗೆ ಹಬ್ಬ. ಔಷಧಿ ಹೊಡೆದಿದ್ದರೆ ಮಾತ್ರ ಕೊಡಬಾರದು. ಬಿಸಿಲಿಗೆ ಬಾಡಿ ನಿಂತ ಜೋಳಕ್ಕೆ ದಿಢೀರ್ ಮಳೆ ಬಿದ್ದಾಗಲೂ ಒಂದು ವಾರ ಆ ಹಸಿ ಗಿಡ ದನಕ್ಕೆ ಬೇಡ, ಯೂರಿಯಾ ಕೊಟ್ಟ ಮೇಲೂ ಅಷ್ಟೇ. ಬುಡದಲ್ಲಿ ನೈಟ್ರೇಟ್ ಕೂಡಿರುತ್ತದೆ, ದನ ಸಾಯುವುದೂ ಉಂಟು.

ಸೈನಿಕ ಹುಳು

2018ರಲ್ಲಿ ನಮ್ಮ ರಾಜ್ಯದಲ್ಲೇ ದೇಶದಲ್ಲಿ ಮೊದಲ ಸಲ ಕಂಡ ಈ ಫಾಲ್ ಸೈನಿಕ ಹುಳು ಈಗ ಪ್ರತಿ ವರ್ಷದ ನೆಂಟ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಮೊಳಕೆ ಬಂದ ಹತ್ತನೇ ದಿನದಿಂದ ವಾರಕ್ಕೆ ಎರಡು ಸಲ, ಐದು ಕಡೆ ಇಪ್ಪತ್ತಿಪ್ಪತ್ತು ಗಿಡದ ಸುಳಿ ನೋಡಿ. ಎಲೆ ಕಾಗದದ ಹಾಗೆ ಕೆರೆದಿದ್ದರೆ ಹುಳು ಇನ್ನೂ ಎಳೆಯದು, ಆಗಲೇ ಬೇವಿನೆಣ್ಣೆ ಹೊಡೆದರೆ ಸಾಕು. ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ್ದರೆ ಬಲಿತಿದೆ. ನಮ್ಮತ್ತೆ ಒಲೆಯ ಬೂದಿ ಮತ್ತು ಸಣ್ಣ ಮರಳು ಬೆರೆಸಿ ಒಂದೊಂದು ಚಿಟಿಕೆ ಸುಳಿಗೆ ಬಿಡುತ್ತಾ ಹೋಗುತ್ತಾರೆ. ಎರಡು ಎಕರೆಗೆ ಮೂರು ದಿನದ ಕೆಲಸ, ಹುಳು ನಿಜವಾಗಿ ಕಮ್ಮಿ ಆಗುತ್ತದೆ. ಕೈ ಮೀರಿದರೆ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂ, ಸಂಜೆ ಹೊತ್ತು, ಸುಳಿಯೊಳಗೆ ಬೀಳುವ ಹಾಗೆ. ಹೊಡೆದ ದಿನಾಂಕ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ, ಮೇವು ಕೊಯ್ಯುವವರ ಕಣ್ಣಿಗೆ ಬೀಳಬೇಕು.

ಕಾಡುಹಂದಿ, ಆನೆ ಬರುವ ಕಡೆ ಜೋಳ ಹಾಕುವ ಧೈರ್ಯ ಮಾಡುವವರಿಗೆ ನಾನು ಹೇಳುವಂಥದ್ದು ಏನೂ ಇಲ್ಲ. ನಮ್ಮ ಹೊಲ ರಸ್ತೆಗೆ ಹತ್ತಿರ ಇರುವುದು ನಮ್ಮ ಪುಣ್ಯ.

ತೆನೆ ಮುರಿದ ಮೇಲೆ

ನೂರಹತ್ತರಿಂದ ನೂರಿಪ್ಪತ್ತು ದಿನಕ್ಕೆ, ಸಿಪ್ಪೆ ಒಣಗಿ ಬಿಳಿಚಿದಾಗ ತೆನೆ ಮುರಿಯಿರಿ. ಸೆಪ್ಟೆಂಬರ್ ತುಂತುರು ನಿಲ್ಲದಿದ್ದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ತೆನೆ ಮಾರಲೂ ಬೇಡ, ಹಸುವಿಗೂ ಬೇಡ. ಅದರ ವಿಷ ಹಾಲಿಗೆ ಇಳಿಯುತ್ತದೆ, ಆ ಹಾಲು ಕುಡಿಯುವುದು ಮಕ್ಕಳು.

ದನ ಬಿಡುವ ಮುಂಚೆ ಸಾಲು ಸಾಲು ನಡೆದು ಬಿದ್ದ ತೆನೆ ಹೆಕ್ಕಿಬಿಡಿ. ಹಸು ಹೊಲಕ್ಕೆ ಹೋದ ಕೂಡಲೇ ಮೊದಲು ಹುಡುಕುವುದು ಕಾಳು, ಆಮೇಲೆ ಎಲೆ, ಸಿಪ್ಪೆ, ಕೊನೆಗೆ ದಂಟು. ಗೌರಿ ಒಂದು ವರ್ಷ ಬದುವಿನ ಮೇಲೆ ಮರೆತುಹೋಗಿದ್ದ ಒಂದು ಕುಕ್ಕೆ ತೆನೆಯನ್ನು ಪೂರ್ತಿ ತಿಂದು, ಮೆಲುಕು ನಿಲ್ಲಿಸಿ, ಹಲ್ಲು ಕಡಿಯುತ್ತಾ ಮಲಗಿಬಿಟ್ಟಿತು. ಪಶುವೈದ್ಯರು ರಾತ್ರಿ ಹನ್ನೊಂದಕ್ಕೆ ಬಂದು ಉಳಿಸಿಕೊಟ್ಟರು. ಆ ರಾತ್ರಿ ಅದರ ತಲೆ ನನ್ನ ತೊಡೆಯ ಮೇಲಿತ್ತು. ಅಂದಿನಿಂದ ಹೆಕ್ಕುವ ಕೆಲಸ ಬೇರೆಯವರಿಗೆ ಬಿಡುವುದಿಲ್ಲ.

ದಂಟೆಲ್ಲ ಕೊಯ್ದು ಮನೆಗೆ ಸಾಗಿಸಬೇಡಿ. ಮೇಲಿನ ಅರ್ಧ ಕೊಯ್ದು ಮೆದೆ ಹಾಕಿ, ಕೆಳಗಿನ ಅರ್ಧ ಹೊಲದಲ್ಲೇ ನಿಲ್ಲಲಿ. ಆ ಕೂಳೆಯ ನಡುವೆಯೇ, ನೆಲದಲ್ಲಿ ತೇವ ಇರುವಾಗಲೇ, ಎಕರೆಗೆ ಹತ್ತು ಹನ್ನೆರಡು ಕೆಜಿ ಹುರುಳಿ, ನಾಲ್ಕು ಕೆಜಿ ಅಲಸಂದೆ ಚೆಲ್ಲಿ ಒಂದು ಸಲ ಎಡೆಕುಂಟೆ ಎಳೆಯಿರಿ. ಹಿಂಗಾರು ಬಿದ್ದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ನೆಲ ಮುಚ್ಚುತ್ತದೆ.

ಶುಂಠಿಗೆ ಗುತ್ತಿಗೆ ಕೇಳಿಕೊಂಡು ಪ್ರತಿ ಜನವರಿಯಲ್ಲೂ ಜನ ಬರುತ್ತಾರೆ. ನಮ್ಮ ಹೊಲ ಕಪ್ಪಗಿದೆ, ಹುಡಿ ಇದೆ ಅಂತ ಹೆಚ್ಚು ದುಡ್ಡೇ ಹೇಳುತ್ತಾರೆ. ಅದು ಹದಿನಾಲ್ಕು ವರ್ಷ ದನ ಕಟ್ಟಿ, ಗೂಟ ಸರಿಸಿ ಆದ ಕಪ್ಪು. ಒಂದು ಶುಂಠಿ ಬೆಳೆಗೆ ಏರಿ ಕಡಿದು, ಔಷಧಿ ಸುರಿದು ಬಿಟ್ಟುಹೋದ ಮೇಲೆ ಅಂಥ ನೆಲದಲ್ಲಿ ದನ ಮೇಯಿಸಲು ನನಗೆ ಮನಸ್ಸಾಗುವುದಿಲ್ಲ. ಕೊಟ್ಟಿಲ್ಲ.

ಹುರುಳಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತಕ್ಕೆ ದನ ಬಿಡಿ. ಮೊದಲ ವಾರ ಹೊಟ್ಟೆಗೆ ಒಂದಿಷ್ಟು ಒಣಹುಲ್ಲು ಹಾಕಿಯೇ ಬಿಡಬೇಕು, ಬರೀ ಹಸಿ ದ್ವಿದಳ ತಿಂದರೆ ಹೊಟ್ಟೆ ಉಬ್ಬುತ್ತದೆ. ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ. ಮೊದಲು ಮೇಲಿನ ಪಟ್ಟಿ, ಯಾಕೆಂದರೆ ಅದು ಇನ್ನೂ ಬಡವ. ನೀರಿನ ಡ್ರಮ್ಮನ್ನೂ ಅಲ್ಲಿಗೇ ಹೊತ್ತುಕೊಂಡು ಹೋಗಿ.